ನಾಲ್ಕು ಕಾಲೂ ನೆಲದ ಮೇಲೆ

ಮಗಾ, ನಿನ್ನ ನಾಯಿಗೆ ಮೈಮೇಲೆ ಹಾರುವುದನ್ನು ಕಲಿಸಿದ್ದು ನಿಮ್ಮ ಮನೆಯವರೇ. ಎರಡು ತಿಂಗಳ ಮರಿಯಾಗಿ ಮೊಣಕಾಲಿಗೆ ಕಾಲು ಹಚ್ಚಿದಾಗ ಎತ್ತಿ ಮುದ್ದಾಡಿದಿರಿ. ಈಗ ಅದು ಮೂವತ್ತು ಕಿಲೋದ ಲ್ಯಾಬ್ರಡಾರ್. ಅದೇ ಕೆಲಸ ಮಾಡಿದರೆ ಬೈಗುಳ. ನಿಯಮ ಬದಲಾಯಿಸಿದ್ದು ನೀವು. ಅದಕ್ಕೆ ಯಾರೂ ತಿಳಿಸಿಲ್ಲ.

ಹಾರುವುದು ಪೊಗರಿನಿಂದಲ್ಲ. ಬೇಟೆಯಿಂದ ಮರಳಿದ ದೊಡ್ಡ ತೋಳಗಳ ಬಾಯಿ ನೆಕ್ಕಿ ಮರಿಗಳು ಆಹಾರ ಕಕ್ಕಿಸಿಕೊಳ್ಳುತ್ತವೆ. ಆ ಚಾಳಿ ನಾಯಿಯಲ್ಲೂ ಉಳಿದಿದೆ. ನಮ್ಮ ಬಾಯಿ ಇರುವುದು ಐದಡಿ ಮೇಲೆ, ಹಾಗಾಗಿ ಹಾರುತ್ತದೆ. ‘ಎದೆಗೊಂದು ಮೊಣಕಾಲು ಕೊಡು, ಬುದ್ಧಿ ಬರುತ್ತೆ’ ಎನ್ನುವವರ ಮಾತು ಕೇಳಬೇಡ. ಮನುಷ್ಯರು ಹತ್ತಿರ ಬಂದರೆ ನೋವು ಎಂಬುದೊಂದನ್ನೇ ಅದು ಕಲಿಯುವುದು. ಹೆದರಿದ ನಾಯಿ ಕಚ್ಚುತ್ತದೆ.

ಬೆಂಗಳೂರಿನ ಫ್ಲಾಟಿನಲ್ಲಾದರೆ ಬಟ್ಟೆ ಕೊಳೆಯಾಯಿತು ಎಂದು ಮುಗಿಯಬಹುದಿತ್ತು. ನಮ್ಮ ದೇವಾಲ ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಜೂನ್ ಬಂತೆಂದರೆ ತೋಟದ ಇಳಿಜಾರು ಕಾಲುದಾರಿಯಲ್ಲಿ ಬರಿಗೈಯಲ್ಲಿ ನಡೆಯುವುದೇ ಕಷ್ಟ. ಟೀ ಎಲೆಯ ಮೂಟೆ ತಲೆ ಮೇಲೆ ಹೊತ್ತು ಇಳಿಯುವ ಹೆಂಗಸಿನ ಮೇಲೆ ನಿನ್ನ ನಾಯಿ ಪ್ರೀತಿಯಿಂದಲೇ ಕಾಲಿಟ್ಟರೂ ಮುರಿಯುವುದು ಅವಳ ಸೊಂಟ, ಹೋಗುವುದು ಅವಳ ಕೂಲಿ. ಉಗುರು ತರಚಿದರೆ, ರಕ್ತ ಬರದಿದ್ದರೂ, ಸೋಪು ಹಾಕಿ 15 ನಿಮಿಷ ತೊಳೆದು ರೇಬೀಸ್ ಚುಚ್ಚುಮದ್ದಿನ ಬಗ್ಗೆ ಡಾಕ್ಟರನ್ನು ಕಾಣಬೇಕು. ಚರ್ಮದೊಳಕ್ಕೆ ಕೊಡುವ ಕ್ರಮದಲ್ಲಿ ಅದು 0, 3, 7, 28ನೆಯ ದಿನ. ಲೆಕ್ಕ ಹಾಕು, ಅವಳು ಎಷ್ಟು ಸಲ ಕೆಲಸ ಬಿಟ್ಟು ಬಸ್ಸು ಹತ್ತಬೇಕು? ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಸಾಕುಪ್ರಾಣಿಯ ವಿಷಯದ ನಿರ್ಲಕ್ಷ್ಯಕ್ಕೆ ಆರು ತಿಂಗಳವರೆಗೆ ಜೈಲು ಎನ್ನುತ್ತದೆ. ಅದಿರಲಿ, ಲೈನ್‌ಮನೆಗಳಲ್ಲಿರುವ ತೋಟದ ಕೂಲಿಯವರ ಮುಖ ನೀನು ದಿನಾ ನೋಡಬೇಕಲ್ಲ!

ಹಾರಿದ ಕ್ಷಣವೇ ಕೈ ಕಟ್ಟಿ ಬೆನ್ನು ತಿರುಗಿಸು. ಮಾತು ಬೇಡ, ನೋಟವೂ ಬೇಡ. ಕಿರುಚಿ ತಳ್ಳಿದರೆ ಅದಕ್ಕೆ ಅದೇ ಆಟ. ನಾಲ್ಕೂ ಕಾಲು ನೆಲ ಮುಟ್ಟಿದ ಕೂಡಲೇ ಬೇಯಿಸಿದ ಕೋಳಿಯ ಚೂರೊಂದನ್ನು ಅದರ ಮೂತಿಯ ಮಟ್ಟದಲ್ಲೇ ಕೊಡು. ಮೇಲೆ ಹಿಡಿದು ತೋರಿಸಿದರೆ ಮತ್ತೆ ನೆಗೆಯುತ್ತದೆ. ಜೊತೆಜೊತೆಗೇ ಕೂರುವುದನ್ನು ಕಲಿಸು. ಕೂತ ನಾಯಿ ಹಾರಲಾರದು. ಹೇಳುವ ಪದ ಮಾತ್ರ ಒಂದೇ ಇರಲಿ. ನೀನು ‘ಕೂರು’, ನಿನ್ನ ಹೆಂಡತಿ ‘ಸಿಟ್’, ಪಕ್ಕದ ಮನೆ ಹುಡುಗ ‘ಉಕ್ಕಾರು’ ಅಂದರೆ ಪಾಪ, ಅದು ಯಾರ ಮಾತು ಕೇಳಬೇಕು?

ಮೊದಮೊದಲು ಹಾರಾಟ ಹೆಚ್ಚುತ್ತದೆ. ಇಷ್ಟು ದಿನ ಫಲ ಕೊಟ್ಟ ಉಪಾಯ ಕೈಕೊಟ್ಟರೆ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಜನ ಸೋಲುವುದು ಇಲ್ಲೇ. ನೀವೆಲ್ಲ ವಾರವಿಡೀ ಬೆನ್ನು ತಿರುಗಿಸಿ, ಭಾನುವಾರ ನಿನ್ನ ಭಾವ ಬಂದು ‘ಬಾರೋ ರಾಜಾ’ ಎಂದು ಎದೆಗಪ್ಪಿಕೊಂಡರೆ ಮುಗಿಯಿತು. ಯಾವಾಗಲೋ ಒಮ್ಮೆ ಸಿಗುವ ಬಹುಮಾನದಿಂದ ಅಂಟಿದ ಅಭ್ಯಾಸ ಬಿಡಿಸುವುದು ಕಷ್ಟ. ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳನ್ನು ಪರೀಕ್ಷಿಸಿ 1957ರಲ್ಲಿ ಇದರ ಮೇಲೆ ದಪ್ಪ ಪುಸ್ತಕವನ್ನೇ ಬರೆದರು. ಗಡಿಯಾಚೆ ಹೋಗಿ ಕೇರಳ ಲಾಟರಿ ಕೊಳ್ಳುವವರನ್ನು ನೋಡಿದರೂ ಸಾಕು.

‘ದೊಡ್ಡ ನಾಯಿ, ಹಾಗೇ ಇರುತ್ತೆ’ ಎಂಬ ಸಬೂಬೂ ಬೇಡ. 2021ರಲ್ಲಿ ಟಿ23 ಎಂಬ ಹುಲಿಯನ್ನು ಹುಡುಕಲು ಬಂಡೀಪುರದಿಂದ ನಮ್ಮ ಕಡೆಗೆ ತಂದಿದ್ದ ರಾಣಾ ಜರ್ಮನ್ ಶೆಫರ್ಡ್. ಅಷ್ಟು ದೊಡ್ಡ ನಾಯಿ ಆ ಹುಡುಕಾಟದ ಗದ್ದಲದಲ್ಲೂ ತನ್ನ ಕೆಲಸ ನೋಡಿಕೊಂಡಿತು.

ಹಗಲೆಲ್ಲ ಕಟ್ಟಿಹಾಕಿದ ನಾಯಿ ಬಿಟ್ಟ ತಕ್ಷಣ ಸಿಕ್ಕವರ ಮೇಲೆ ಬೀಳುತ್ತದೆ, ಬೆಳಕಿರುವಾಗಲೇ ಚೆನ್ನಾಗಿ ನಡೆಸಿಕೊಂಡು ಬಾ. ಕತ್ತಲಾದ ಮೇಲೆ ಹೊರಗೆ ಕಟ್ಟಿದರೆ ಚಿರತೆಗೆ ಬಿಟ್ಟಿ ಊಟ. ನೆಂಟರು ಬಂದಾಗ ಕತ್ತಿನ ಬೆಲ್ಟಿಗೆ ಹಗ್ಗ ಹಾಕಿ, ಅದನ್ನು ಕಾಲಡಿ ಒತ್ತಿ ಹಿಡಿ. ನಿಲ್ಲಲು ಸಾಕು, ನೆಗೆಯಲು ಸಾಲದು ಎನ್ನುವಷ್ಟು ಸಡಿಲವಿರಲಿ. ‘ಅದು ಕೂತ ಮೇಲೆ ಮುಟ್ಟಿ’ ಎಂದು ಬಂದವರಿಗೆ ಹೇಳಲು ನಾಚಿಕೆ ಪಡಬೇಡ. ಮೊದಲು ಭಾವನಿಗೆ ಹೇಳು.