ಇಂದಿನ ಧಮ್ಮ ಚಿಂತನೆ: ಸೋರುವ ತೂತು



ಪ್ರತಿ ಘಟನೆಗೂ ಕಾರಣ ಇದ್ದೇ ಇರುತ್ತದೆ, ಅದು ಮನುಷ್ಯನ ಕೆಲಸದಲ್ಲೋ ನಿಸರ್ಗದ ನಿಯಮದಲ್ಲೋ ಸಿಗುತ್ತದೆ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಿವರಿಸುತ್ತಾರೆ. ಈ ಪಾಠ ನನಗೆ ಚೆನ್ನಾಗಿ ತಿಳಿಯುವುದು ಹಳೇ ಅಂಬಾಸಿಡರ್ ಕಾರಿನ ವಾಟರ್ ಪಂಪ್ ಬಿಚ್ಚುವಾಗ. ನನ್ನ ಕಸುಬು ಅದೇ, ಹಾಗಾಗಿ ಅದರಿಂದಲೇ ಹೇಳುತ್ತೇನೆ.

1489 ಸಿಸಿ ಪೆಟ್ರೋಲ್ ಇಂಜಿನ್. ಫ್ಯಾನ್, ಪುಲ್ಲಿ, ಒಳಗೆ ನೀರು ತಳ್ಳುವ ಇಂಪೆಲ್ಲರ್, ಮೂರೂ ಒಂದೇ ಶಾಫ್ಟಿನ ಮೇಲೆ. ನೀರಿಗೂ ಬೇರಿಂಗಿಗೂ ನಡುವೆ ಇರುವುದು ಒಂದು ಸೀಲ್ ಮಾತ್ರ. ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ತೊಟ್ಟಿಕ್ಕಲಿ ಎಂದೇ ಪಂಪಿನ ಕೆಳಗೆ ಸಣ್ಣ ತೂತು ಇಟ್ಟಿರುತ್ತಾರೆ.

ಎಷ್ಟೋ ಜನ ಈ ತೂತನ್ನೇ ರೋಗ ಎಂದುಕೊಳ್ಳುತ್ತಾರೆ. ಎಂ-ಸೀಲ್ ಮೆತ್ತಿಸಿ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡು ಹೋಗುತ್ತಾರೆ. ಹನಿ ಬೀಳುವುದು ನಿಂತಿತು, ಸರಿ. ಒಳಗೆ ನೀರು ಬೇರಿಂಗಿನ ಗ್ರೀಸ್ ತೊಳೆಯುತ್ತದೆ, ಬೇರಿಂಗ್ ಸವೆದು ಶಾಫ್ಟ್ ಅಲ್ಲಾಡುತ್ತದೆ, ಕೊನೆಗೆ ಫ್ಯಾನ್ ಹೋಗಿ ರೇಡಿಯೇಟರಿಗೆ ಬಡಿಯುತ್ತದೆ. ಶಾಲೆಯಲ್ಲಿ ಬೇರೆ ಲೋಟ ಕೊಟ್ಟರು ಎಂದು ಕೇರಿಯ ಹುಡುಗಿ ಬಂದು ಹೇಳಿದರೆ, “ಸುಮ್ನಿರವ್ವ, ಇದೇ ಊರಲ್ಲಿ ಬಾಳ್ಬೇಕು” ಅನ್ನುವ ಹಿರಿಯರು ನಮ್ಮಲ್ಲೂ ಇದ್ದಾರೆ. ಅದೂ ಎಂ-ಸೀಲೇ.

ರಿಪೇರಿ ಕಷ್ಟದ್ದಲ್ಲ, ಅವಸರ ಕೂಡದು ಅಷ್ಟೆ. ಇಂಪೆಲ್ಲರನ್ನು ಪುಲ್ಲರ್ ಹಾಕಿ ಎಳೆಯಬೇಕು. ಸುತ್ತಿಗೆ ಏಟಿಗೆ ಬೀಡು ಬಿರುಕು ಬಿಡುತ್ತದೆ. ಹೊಸ ಬೇರಿಂಗನ್ನು ಪ್ರೆಸ್ಸಿನಲ್ಲಿ ಕೂರಿಸುವಾಗ ಹೊರ ಉಂಗುರದ ಮೇಲಷ್ಟೇ ಒತ್ತಬೇಕು, ಶಾಫ್ಟಿನ ಮೇಲಲ್ಲ. ಇಂಪೆಲ್ಲರಿಗೂ ಬಾಡಿಗೂ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಸಂದು. ಅತಿಯಾದರೆ ನೀರು ಸರಿಯಾಗಿ ತಳ್ಳುವುದಿಲ್ಲ, ಕಡಿಮೆಯಾದರೆ ಉಜ್ಜುತ್ತದೆ. (ಮಧ್ಯಮ ಮಾರ್ಗ ಎಂದು ನಗಬೇಡಿ, ಫೀಲರ್ ಗೇಜ್ ಹೇಳುವುದನ್ನೇ ಹೇಳುತ್ತಿದ್ದೇನೆ.)

ಆದರೆ ಸೀಲ್ ಸವೆದದ್ದು ಯಾಕೆ? ವರ್ಷಗಟ್ಟಲೆ ಕೂಲಂಟ್ ಇಲ್ಲದೆ ಬರೀ ಬೋರ್‌ವೆಲ್ ನೀರು ತುಂಬಿಸಿದ್ದಕ್ಕೆ ಒಳಗೆಲ್ಲ ತುಕ್ಕು; ಆ ತುಕ್ಕಿನ ಪುಡಿ ಸೀಲಿನ ಮುಖವನ್ನು ಅರೆದಿದೆ. ಬೇರಿಂಗ್ ಬೇಗ ಹೋದದ್ದು ಯಾಕೆ? ಬೆಲ್ಟನ್ನು ಅತಿ ಬಿಗಿ ಮಾಡಿದ್ದಾರೆ. ಒಂದರಿಂದ ಇನ್ನೊಂದು ಹುಟ್ಟುವ ಈ ಸರಪಳಿಯೇ ಪಟಿಚ್ಚ ಸಮುಪ್ಪಾದ. ಪಂಪ್ ಮಾತ್ರ ಹೊಸದು, ನೀರು ಹಳೆಯದೇ ಆದರೆ ಆ ಗಾಡಿ ಮತ್ತೆ ನನ್ನ ಬಳಿಗೇ ಬರುತ್ತದೆ. ದೀಕ್ಷೆ ತೆಗೆದುಕೊಂಡ ಮನೆಯಲ್ಲೇ ಹೆಣ್ಣು-ಗಂಡು ನೋಡುವಾಗ ಎಡವೋ ಬಲವೋ ಎಂದು ಕೇಳುತ್ತಾರಲ್ಲ, ಅದು ಹಳೇ ನೀರು. 22 ಪ್ರತಿಜ್ಞೆ ಬಾಯಿಪಾಠ ಇದ್ದವರ ಮನೆಯಲ್ಲೂ ಕೇಳಿದ್ದೇನೆ.

ಅದಕ್ಕೇ ಹೊಸ ಪಂಪ್ ಕೂರಿಸುವ ಮೊದಲು ಬ್ಲಾಕಿನ ಡ್ರೈನ್ ಟ್ಯಾಪ್ ಬಿಚ್ಚಿ, ಪೈಪಿನಿಂದ ನೀರು ಬಿಡುತ್ತೇನೆ. ಮೊದಲು ಚಹಾ ಬಣ್ಣದ್ದು ಬರುತ್ತದೆ. ತಿಳಿಯಾಗುವವರೆಗೆ ಬಿಡಬೇಕು, ಹೊತ್ತು ಹಿಡಿಯುತ್ತದೆ. ಗಾಡಿಯ ಯಜಮಾನರನ್ನೂ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ, ಏನೇನು ಹೊರಬರುತ್ತದೆ ಅವರೇ ನೋಡಲಿ.

ಜೈ ಭೀಮ್.