ಅಜ್ಜನ ಕಂಪ್ಯೂಟರ್

ಮೈಸೂರಿನಿಂದ ಅತ್ತೆ ಕಳುಹಿಸಿದ ಪತ್ರವನ್ನು ಓದಲು ಅಜ್ಜ ತಮ್ಮ ಹಳೆಯ ಕಂಪ್ಯೂಟರಿನ ಮುಂದೆ ಕುಳಿತರು. ಪರದೆಯಲ್ಲಿ ಅಕ್ಷರಗಳಿರಲಿಲ್ಲ, ಬರೀ ಚೌಕಗಳು! ನಾನು ಮೂರು ಸಲ ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಆರಂಭಿಸಿದೆ. ಪ್ರಯೋಜನವಾಗಲಿಲ್ಲ.

“ನೀವೇ ಏನೋ ಒತ್ತಿ ಕೆಡಿಸಿದ್ದೀರಿ” ಎಂದು ರೇಗಿದೆ. ಅಜ್ಜನ ಮುಖ ಬಾಡಿತು.

ಅಕ್ಕ ಬಂದು ನೋಡಿದಳು. “ಇದು ಯಾರ ತಪ್ಪೂ ಅಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಯುನಿಕೋಡ್ ಪದ್ಧತಿಯಲ್ಲಿ ‘ಅ’ ಅಕ್ಷರದ ಸಂಖ್ಯೆ 3205. ಅದಕ್ಕೆ ರೂಪ ಕೊಡುವ ಫಾಂಟ್ ಇಲ್ಲದಿದ್ದರೆ ಚೌಕ ಕಾಣುತ್ತದೆ” ಎಂದಳು. ಕನ್ನಡ ಫಾಂಟ್ ಹಾಕಿದಳು. ಪತ್ರ ಮೂಡಿತು.

ನನಗೆ ‘ಅ’ ತಿದ್ದಿಸಿದವರು ಅಜ್ಜನೇ. ಎಷ್ಟು ಸಲ ತಪ್ಪಿದರೂ ಅವರು ರೇಗಿರಲಿಲ್ಲ. “ತಪ್ಪಾಯಿತು, ಅಜ್ಜಾ” ಎಂದೆ. ಅಜ್ಜ ನಕ್ಕು, ಪತ್ರವನ್ನು ಗಟ್ಟಿಯಾಗಿ ಓದತೊಡಗಿದರು.

ಪ್ರಶ್ನೆಗಳು
1. ಪರದೆಯಲ್ಲಿ ಚೌಕಗಳು ಕಾಣಿಸಿದ್ದೇಕೆ?
2. ಅಜ್ಜನ ಮುಖ ಬಾಡಿದ್ದೇಕೆ?