ರಕ್ತ ಹೆಪ್ಪುಗಟ್ಟುವ ಬಗೆ ಮತ್ತು ಮಂಗನ ಕಾಯಿಲೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಇಂದು ಜಗತ್ತಿನ ವೈದ್ಯ ಗ್ರಂಥಗಳಲ್ಲಿ ಸೇರಿದೆ. 1957ರ ಬೇಸಿಗೆಯ ಮೊದಲಲ್ಲಿ ಈ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದವು. ಅದೇ ಸಮಯಕ್ಕೆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಮಂಗಗಳ ಸಾವನ್ನು ಕಂಡು, ಆಫ್ರಿಕದ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೋ ಎಂಬ ಆತಂಕವೂ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇಲ್ಲಿಗೆ ಬಂದು ಪರೀಕ್ಷಿಸಿದಾಗ ಇದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಒಂದು ಹೊಸ ವೈರಸ್ ಎಂದು ತಿಳಿದುಬಂದಿತು. ರಷ್ಯಾದ ಕಾಡುಗಳಲ್ಲಿ ಕಂಡುಬರುವ ಕೆಲವು ಉಣುಗು ಜ್ವರಗಳಿಗೆ ಇದು ಹತ್ತಿರದ ನಂಟು. ಕಾಡಿನ ಹೆಸರೇ ರೋಗಕ್ಕೆ ಬಂದು 'ಕ್ಯಾಸನೂರು ಕಾಡಿನ ಕಾಯಿಲೆ' ಎಂದಾಯಿತು. ನಮ್ಮ ಜನ ಇದನ್ನು ಮಂಗನ ಕಾಯಿಲೆ ಎನ್ನುತ್ತಾರೆ.

ಈ ಕಾಯಿಲೆಯಲ್ಲಿ ಕೆಲವರಿಗೆ ಒಸಡಿನಿಂದ, ಮೂಗಿನಿಂದ ರಕ್ತ ಸೋರುತ್ತದೆ. ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಗಾಯವೇ ಇಲ್ಲದೆ ರಕ್ತ ಏಕೆ ಹೊರಬರುತ್ತದೆ ಎಂಬುದು ಸಹಜವಾದ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಆರೋಗ್ಯವಂತರ ಮೈಯಲ್ಲಿ ರಕ್ತ ಹೇಗೆ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕುಡುಗೋಲು ತಾಗಿದಾಗ

ಗದ್ದೆಯ ಬದು ಒಡೆದಾಗ ರೈತ ಏನು ಮಾಡುತ್ತಾನೆ? ನೀರಿನ ರಭಸವನ್ನು ಮೇಲಿನಿಂದ ತಗ್ಗಿಸುತ್ತಾನೆ, ಕೈಗೆ ಸಿಕ್ಕ ಹೆಂಟೆಗಳನ್ನು ಒಡಕಿಗೆ ತುಂಬುತ್ತಾನೆ, ಆಮೇಲೆ ಸೊಪ್ಪು, ಹುಲ್ಲು, ಕೆಸರು ಸೇರಿಸಿ ಭದ್ರಪಡಿಸುತ್ತಾನೆ. ಮೈಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ ಕೆಲಸ.

ರಕ್ತನಾಳ ತುಂಡಾದ ಕೂಡಲೇ ಅದು ಸಂಕುಚಿತಗೊಳ್ಳುತ್ತದೆ, ಹರಿವು ತಗ್ಗುತ್ತದೆ. ಬಳಿಕ ರಕ್ತದಲ್ಲಿ ತೇಲುವ ಕಿರುತಟ್ಟೆಗಳು ಒಡಕಿಗೆ ಅಂಟಿಕೊಳ್ಳುತ್ತವೆ. ಇವನ್ನೇ ಈಗ ಎಲ್ಲರೂ ಪ್ಲೇಟ್‌ಲೆಟ್ ಎನ್ನುವುದು. ಇವು ಪೂರ್ಣ ಜೀವಕೋಶಗಳಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿರುವ ದೊಡ್ಡ ದೊಡ್ಡ ಕೋಶಗಳ ಅಂಚಿನಿಂದ ಕಳಚಿ ಬಿದ್ದ ಚೂರುಗಳು. ಕೆಂಪು ರಕ್ತಕಣದ ಅರ್ಧಕ್ಕಿಂತಲೂ ಚಿಕ್ಕವು. 1882ರಲ್ಲಿ ಇಟಲಿಯ ಬಿಝೊಝೆರೊ ಎಂಬ ವಿಜ್ಞಾನಿ ಇವುಗಳ ಕೆಲಸವನ್ನು ಸ್ಪಷ್ಟವಾಗಿ ತೋರಿಸಿದನು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಕಿರುತಟ್ಟೆಗಳಿರುತ್ತವೆ. ಆಯುಸ್ಸು 7ರಿಂದ 10 ದಿನ ಮಾತ್ರ. ಆದ್ದರಿಂದ ಮಜ್ಜೆ ಇವನ್ನು ದಿನವೂ ಹೊಸದಾಗಿ ಮಾಡುತ್ತಲೇ ಇರಬೇಕು.

ನಾಳದ ಒಳಗೋಡೆ ನುಣುಪಾಗಿರುವವರೆಗೆ ಕಿರುತಟ್ಟೆಗಳು ಸುಮ್ಮನೆ ಹರಿದು ಹೋಗುತ್ತವೆ. ಗೋಡೆ ಹರಿದು ಅದರ ಹಿಂದಿನ ಕೊಲಾಜೆನ್ ನಾರು ಹೊರಗೆ ಕಂಡಾಗ ಅದಕ್ಕೆ ಅಂಟುತ್ತವೆ, ಆಕಾರ ಬದಲಿಸಿ ಮುಳ್ಳುಮುಳ್ಳಾಗುತ್ತವೆ, ತಮ್ಮೊಳಗಿನ ರಾಸಾಯನಿಕಗಳನ್ನು ಬಿಟ್ಟು ಇನ್ನಷ್ಟು ಕಿರುತಟ್ಟೆಗಳನ್ನು ಕರೆಯುತ್ತವೆ. ಆಸ್ಪಿರಿನ್ ಮಾತ್ರೆ ಈ ಕರೆಯುವ ಕೆಲಸವನ್ನೇ ಕೆಡಿಸುತ್ತದೆ. ಮಾತ್ರೆ ತಾಗಿದ ಕಿರುತಟ್ಟೆ ಸಾಯುವವರೆಗೆ ಸರಿಹೋಗುವುದಿಲ್ಲ. ಒಂದು ಮಾತ್ರೆಯ ಪರಿಣಾಮ ಒಂದು ವಾರ ಉಳಿಯುವುದು ಈ ಕಾರಣದಿಂದ. ಮುಂದೆ ಈ ಮಾತು ಮತ್ತೆ ಬರುತ್ತದೆ.

ಹೆಂಟೆ ತುಂಬಿದಷ್ಟಕ್ಕೆ ಬದು ನಿಲ್ಲದು. ರಕ್ತರಸದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಸಸಾರಜನಕವು ನೂಲುನೂಲಾದ ಫೈಬ್ರಿನ್ ಆಗಿ ಬದಲಾಗಿ ಕಿರುತಟ್ಟೆಗಳ ಗುಡ್ಡೆಯನ್ನು ಬಲೆಯಂತೆ ಹೆಣೆಯುತ್ತದೆ. ಈ ಬದಲಾವಣೆ ಮಾಡಿಸುವ ಕಿಣ್ವ ಥ್ರಾಂಬಿನ್. ಹಾಲಿಗೆ ಹೆಪ್ಪು ಹಾಕಿದಂತೆ ಎಂದು ಹಿರಿಯರು ಕೊಟ್ಟ ಹೆಸರು ಚೆನ್ನಾಗಿಯೇ ಇದೆ, ಆದರೆ ಕ್ರಿಯೆ ಬೇರೆ: ಹಾಲು ಹೆಪ್ಪಾಗುವುದು ಜೀವಾಣುಗಳು ಮಾಡುವ ಹುಳಿಯಿಂದ, ರಕ್ತಕ್ಕೆ ಹುಳಿ ಬೇಕಿಲ್ಲ. ಇಲ್ಲಿ ಹತ್ತಾರು ಅಂಶಗಳು ಒಂದರ ಹಿಂದೆ ಒಂದು ಎಚ್ಚೆತ್ತು, ಕೊನೆಗೆ ಥ್ರಾಂಬಿನ್ ಹುಟ್ಟುತ್ತದೆ. ಈ ಅಂಶಗಳಲ್ಲಿ ಹೆಚ್ಚಿನವು ಪಿತ್ತಜನಕಾಂಗದಲ್ಲಿ ತಯಾರಾಗುತ್ತವೆ. ಅವುಗಳಲ್ಲಿ ನಾಲ್ಕಕ್ಕೆ 'ಕೆ' ಜೀವಸತ್ವ ಅತ್ಯಗತ್ಯ. ಸುಣ್ಣದ ಅಂಶವೂ ಬೇಕು. ಆದರೆ ಅದು ರಕ್ತದೊಳಗೆ ಇರುವ ಕ್ಯಾಲ್ಸಿಯಂ. ಗಾಯಕ್ಕೆ ಎಲೆಯಡಿಕೆಯ ಸುಣ್ಣ ಬಳಿದರೆ ಚರ್ಮ ಸುಡುವುದಲ್ಲದೆ ಬೇರೆ ಲಾಭವಿಲ್ಲ. ಕಾಫಿ ಪುಡಿ, ಹೊಗೆಸೊಪ್ಪು, ಜೇಡರ ಬಲೆ ಇವುಗಳದೂ ಅದೇ ಕಥೆ. ಶುಭ್ರವಾದ ಬಟ್ಟೆಯಿಟ್ಟು ಹತ್ತು ನಿಮಿಷ ಒಂದೇ ಸಮನೆ ಒತ್ತಿ ಹಿಡಿಯುವುದೇ ಒಳ್ಳೆಯ ಉಪಾಯ. ನಡುನಡುವೆ ಎತ್ತಿ ನೋಡಿದರೆ ಆಗಷ್ಟೇ ಹೆಣೆದ ಬಲೆ ಹರಿಯುತ್ತದೆ.

ಮಳೆಗಾಲದಲ್ಲಿ ತೋಟಕ್ಕೆ ಹೋದವರಿಗೆಲ್ಲ ಇಂಬಳದ ಅನುಭವವಿದೆ. ಕಡಿತ ಎಳ್ಳಿನಷ್ಟು, ರಕ್ತ ಮಾತ್ರ ಗಂಟೆಗಟ್ಟಲೆ ನಿಲ್ಲದು. ಇಂಬಳದ ಜೊಲ್ಲಿನಲ್ಲಿ ಥ್ರಾಂಬಿನ್ನನ್ನು ಹಿಡಿದು ಕಟ್ಟಿಹಾಕುವ ವಸ್ತುವಿದೆ. ರಕ್ತ ಹೆಪ್ಪಾದರೆ ಅದಕ್ಕೆ ಊಟವಿಲ್ಲವಷ್ಟೆ!

ಮಂಗನ ಕಾಯಿಲೆಯಲ್ಲಿ ಆಗುವುದೇನು?

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಏಕಾಏಕಿ ಜ್ವರ, ಹಣೆಯ ಭಾಗದಲ್ಲಿ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ತಡೆಯಲಾರದ ನೋವು ಬರುತ್ತದೆ. ಕಣ್ಣು ಕೆಂಪಾಗುತ್ತದೆ, ವಾಂತಿ, ಭೇದಿಯೂ ಉಂಟು. ಈ ದಿನಗಳಲ್ಲಿ ರಕ್ತ ಪರೀಕ್ಷಿಸಿದರೆ ಬಿಳಿಯ ಕಣಗಳೂ ಕಿರುತಟ್ಟೆಗಳೂ ಕಡಿಮೆಯಾಗಿರುವುದು ಕಾಣುತ್ತದೆ. ಬದು ಕಾಯುವ ಆಳುಗಳೇ ಕಡಿಮೆಯಾದಂತೆ. ನಮ್ಮ ನಾಳಗಳಲ್ಲಿ ನಡೆದಾಡುವಾಗ, ಹಲ್ಲುಜ್ಜುವಾಗ, ಕೆಮ್ಮುವಾಗ ಸಣ್ಣಪುಟ್ಟ ಬಿರುಕುಗಳು ಆಗುತ್ತಲೇ ಇರುತ್ತವೆ. ಕಿರುತಟ್ಟೆಗಳು ಅವನ್ನು ನಮಗೆ ತಿಳಿಯದಂತೆ ಮುಚ್ಚುತ್ತಿರುತ್ತವೆ. ಅವು ತೀರ ಕಡಿಮೆಯಾದಾಗ ತೆಳುವಾದ ಜಾಗಗಳಿಂದ, ಎಂದರೆ ಒಸಡು, ಮೂಗು, ಕರುಳುಗಳಿಂದ, ರಕ್ತ ಜಿನುಗುತ್ತದೆ. ಚರ್ಮದ ಮೇಲೆ ಸೂಜಿ ಚುಚ್ಚಿದಂತಹ ಕೆಂಪು ಚುಕ್ಕೆಗಳೇಳಬಹುದು. ಬೆರಳಿನಿಂದ ಒತ್ತಿದರೆ ಅವು ಮಾಯವಾಗುವುದಿಲ್ಲ.

ಎಲ್ಲ ರೋಗಿಗಳಿಗೂ ರಕ್ತಸ್ರಾವವಾಗುತ್ತದೆ ಎಂದಲ್ಲ. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಗುಣ ಹೊಂದುತ್ತಾರೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಮತ್ತೆ ಮರುಕಳಿಸಿ ತಲೆನೋವು, ನಡುಕ, ಮಂಪರು ಕಾಣಿಸುತ್ತದೆ. ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆದ್ದರಿಂದ ಬೇಗ ಆಸ್ಪತ್ರೆ ಸೇರಿ ನೀರಿನಂಶ, ರಕ್ತದೊತ್ತಡ, ಕಿರುತಟ್ಟೆಗಳ ಮೇಲೆ ನಿಗಾ ಇಡಿಸುವುದೇ ಚಿಕಿತ್ಸೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೈಕೈ ನೋವು ವಿಪರೀತವಾದ್ದರಿಂದ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ನಮ್ಮಲ್ಲಿ ರೂಢಿ. ಮೊದಲೇ ಕಿರುತಟ್ಟೆಗಳು ಕಡಿಮೆ. ಉಳಿದವುಗಳ ಕೈಯನ್ನೂ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಮಾತ್ರೆಗಳು ಕಟ್ಟುತ್ತವೆ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ಸಾಕು. ಸೊಂಟಕ್ಕೆ 'ಒಂದು ಇಂಜೆಕ್ಷನ್' ಹಾಕಿಸಿಕೊಳ್ಳುವ ಹಟವನ್ನೂ ಬಿಡಬೇಕು. ಮಾಂಸಖಂಡದೊಳಗೆ ರಕ್ತ ತುಂಬಿಕೊಳ್ಳುವ ಅಪಾಯವಿದೆ. ಶಿಕಾರಿಪುರದ ಬಯಲು ಕಡೆಯ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಡೆಂಗಿ ಜ್ವರಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಸಂಖ್ಯೆ ಇಳಿದ ಮಾತ್ರಕ್ಕೆ ಗಾಬರಿ ಬೇಡ. ತಾನಾಗಿ ರಕ್ತ ಸೋರುವ ಅಪಾಯ ಹೆಚ್ಚುವುದು ಸಾಮಾನ್ಯವಾಗಿ 10ರಿಂದ 20 ಸಾವಿರದ ಕೆಳಗೆ. ಕಿರುತಟ್ಟೆಗಳನ್ನು ಬೇರ್ಪಡಿಸಿ ಕೊಡುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿ ಕಷ್ಟ. ಅವನ್ನು ಫ್ರಿಜ್ಜಿನಲ್ಲಿಡುವಂತಿಲ್ಲ, ಸುಮಾರು 22 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತ ಇಟ್ಟರೂ ಬಾಳಿಕೆ ಸುಮಾರು 5 ದಿನ. ಪಪ್ಪಾಯಿ ಎಲೆಯ ರಸವನ್ನು ನಂಬಿ ಮನೆಯಲ್ಲಿ ದಿನ ಕಳೆಯುವುದು ಜಾಣತನವಲ್ಲ.

ದರಕು, ದನ ಮತ್ತು ಉಣುಗು

ಉಣುಗಿನ ಮರಿಗಳು ಹೆಚ್ಚಾಗಿ ಕಾಡುವುದು ನವೆಂಬರಿನಿಂದ ಮೇ ತಿಂಗಳವರೆಗೆ. ಮಲೆನಾಡಿನ ರೈತ ಸೊಪ್ಪಿನಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತರುವುದೂ ಇದೇ ಕಾಲದಲ್ಲಿ. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ ಅದು ಬೇಕೇ ಬೇಕು. ತರಬೇಡಿ ಎಂದು ಕುಳಿತಲ್ಲಿಂದ ಹೇಳುವುದು ಸುಲಭ, ನಡೆಯುವ ಮಾತಲ್ಲ. ಹೋಗುವ ಮೊದಲು ಕೈಕಾಲು, ಕುತ್ತಿಗೆಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಬೇಕು. ಮೈತುಂಬ ಬಟ್ಟೆ ತೊಟ್ಟು, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಸೋಪು ಹಚ್ಚಿ ಸ್ನಾನ ಮಾಡಬೇಕು. ದರಕಿನ ರಾಶಿಯನ್ನು ಮನೆಯ ಅಂಗಳದಲ್ಲಿ, ಮಕ್ಕಳು ಆಡುವ ಕಡೆ ಹಾಕಬಾರದು. ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ಮೆಲ್ಲನೆ ಎಳೆಯಬೇಕೇ ಹೊರತು ಉಗುರಿನಿಂದ ಹಿಸುಕಬಾರದು.

ದನಗಳಿಗೆ ಈ ಕಾಯಿಲೆ ಬರುವುದಿಲ್ಲ. ಹಾಲಿನಿಂದ ಹರಡಿದ್ದಕ್ಕೆ ಪುರಾವೆಯೂ ಇಲ್ಲ. ಆದರೆ ಬೆಳೆದ ಉಣುಗುಗಳು ದನಗಳ ರಕ್ತ ಕುಡಿದೇ ಮೊಟ್ಟೆಯಿಡುವುದರಿಂದ, ಕಾಡಿನಲ್ಲಿ ಮೇಯುವ ದನ ಹೆಚ್ಚಿದಷ್ಟೂ ಉಣುಗು ಹೆಚ್ಚುತ್ತದೆ. ಪಶುವೈದ್ಯರ ಸಲಹೆಯಂತೆ ಉಣುಗು ನಾಶಕ ಬಳಸುವುದು ದನಕ್ಕೂ ಲಾಭ, ಮನೆಯವರಿಗೂ ಲಾಭ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹೆಣದ ಮೈ ತಣಿದಂತೆ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಕಾಯುತ್ತಿರುತ್ತವೆ. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರು ತೋಟಕ್ಕೆಂದು ಕಾಡು ಕಡಿದ ಜಾಗದಲ್ಲಿ ರೋಗ ಸ್ಫೋಟಿಸಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ನರಳಿತು. ಕ್ಯಾಸನೂರಿನ ಹೆಸರಿದ್ದರೂ ಇದು ಸೊರಬದ ಗಡಿಯೊಳಗೆ ನಿಂತಿಲ್ಲ.

ಕೊಳಕುಮಂಡಲದ ವಿಷ

ಭತ್ತದ ಕೊಯ್ಲಿನಲ್ಲಿ ಎದುರಾಗುವ ಕೊಳಕುಮಂಡಲದ ವಿಷ ವಿಚಿತ್ರವಾದದ್ದು. ಅದು ರಕ್ತವನ್ನು ತೆಳುವಾಗಿಸುವುದಿಲ್ಲ, ಹೆಪ್ಪುಗಟ್ಟಿಸುತ್ತದೆ. ನಾಳಗಳ ಒಳಗೆಲ್ಲ ಅಗತ್ಯವಿಲ್ಲದ ಕಡೆ ಫೈಬ್ರಿನ್ ಎಳೆಗಳು ಹುಟ್ಟಿ, ಕರಗಿ, ಕೆಲವೇ ಗಂಟೆಗಳಲ್ಲಿ ದಾಸ್ತಾನೆಲ್ಲ ಖರ್ಚಾಗುತ್ತದೆ. ಆಮೇಲೆ ನಿಜವಾದ ಗಾಯಕ್ಕೆ ಏನೂ ಉಳಿಯದೆ ರಕ್ತ ಸೋರುತ್ತದೆ. 1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬವರು ಈ ವಿಷವನ್ನು ಬಹಳ ತೆಳುಗೊಳಿಸಿ, ಕುಸುಮರೋಗಿಗಳ, ಎಂದರೆ ಹಿಮೋಫಿಲಿಯಾ ಇರುವವರ, ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದ್ದುಂಟು.

ಆಸ್ಪತ್ರೆಯಲ್ಲಿ ಪರೀಕ್ಷೆ ಸರಳ: 2 ಮಿಲಿಲೀಟರ್ ರಕ್ತವನ್ನು ಒಣಗಿದ, ಶುಭ್ರ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಬಗ್ಗಿಸಿ ನೋಡುತ್ತಾರೆ. ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಪ್ರತಿವಿಷ ಕೊಟ್ಟ ಮೇಲೂ ಪಿತ್ತಜನಕಾಂಗ ಹೊಸ ಅಂಶಗಳನ್ನು ತಯಾರಿಸಲು ಸುಮಾರು 6 ಗಂಟೆ ಬೇಕು. ಅಷ್ಟು ಹೊತ್ತಿನ ಬಳಿಕ ಪರೀಕ್ಷೆ ಮತ್ತೆ ಮಾಡುತ್ತಾರೆ. ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ಯುವ ಹಳೆಯ ಪದ್ಧತಿ, ಹೆಪ್ಪುಗಟ್ಟಲಾರದ ರಕ್ತಕ್ಕೆ ಮತ್ತೊಂದು ಬಾಗಿಲು ತೆರೆದಂತೆ. ಬಿಗಿಯಾಗಿ ಕಟ್ಟುವುದೂ ಬೇಡ. ಕಾಲು ಅಲುಗಾಡದಂತೆ ಇಟ್ಟು ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಹುಟ್ಟಿನಿಂದ ಬರುವ ಹಿಮೋಫಿಲಿಯಾದಲ್ಲಿ ಕಿರುತಟ್ಟೆಗಳು ಸರಿಯಾಗಿದ್ದು, 8 ಅಥವಾ 9ನೆಯ ಅಂಶದ ಕೊರತೆಯಿರುತ್ತದೆ. ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಹುಡುಗನ ಮೊಣಕಾಲು ಸಣ್ಣ ಪೆಟ್ಟಿಗೂ ಮತ್ತೆ ಮತ್ತೆ ಊದಿಕೊಂಡರೆ ವಾತವೆಂದು ಎಣ್ಣೆ ತಿಕ್ಕಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ನೆರೆಯ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇಂಥವರಿಗಾಗಿ ಕೆಲಸ ಮಾಡುತ್ತಿದೆ.

ಬೂಸಲು ಹುಲ್ಲಿನಿಂದ ಇಲಿ ಪಾಷಾಣದವರೆಗೆ

1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ದನಗಳು ಕೊಂಬು ಕತ್ತರಿಸಿದಷ್ಟಕ್ಕೇ ರಕ್ತ ಹರಿದು ಸಾಯತೊಡಗಿದವು. ಅವು ತಿಂದದ್ದು ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬ ಸತ್ತ ಕಡಸನ್ನೂ, ಹೆಪ್ಪಾಗದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹಿಮದಲ್ಲಿ ಹೇರಿಕೊಂಡು ವಿಶ್ವವಿದ್ಯಾಲಯಕ್ಕೆ ತಂದನು. ಅಲ್ಲಿಯ ಕಾರ್ಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ತಂಡ ಹಲವು ವರ್ಷ ದುಡಿದು, 'ಕೆ' ಜೀವಸತ್ವದ ಕೆಲಸವನ್ನು ತಡೆಯುವ ವಸ್ತುವನ್ನು ಆ ಮೇವಿನಿಂದ ಬೇರ್ಪಡಿಸಿತು. ಅದರ ಸಂತತಿಯಾದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂದು, 1954ರಲ್ಲಿ ಮನುಷ್ಯರ ಔಷಧಿಯೂ ಆಯಿತು. ಹೃದಯದ ಕವಾಟ ಬದಲಿಸಿಕೊಂಡವರು ಇಂದಿಗೂ ಇದನ್ನು ನುಂಗುತ್ತಾರೆ. ಅಂಥವರು ವೈದ್ಯರನ್ನು ಕೇಳದೆ ಬೇರಾವ ಮಾತ್ರೆಯನ್ನೂ ಸೇರಿಸಬಾರದು.

ನಮ್ಮ ಗದ್ದೆ, ತೋಟ, ಕಣಜಗಳಲ್ಲಿ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆ ಇದೇ ಜಾತಿಯದು, ಇನ್ನೂ ಬಲವಾದದ್ದು. ಮೈಯಲ್ಲಿ ಮೊದಲೇ ಇದ್ದ ಅಂಶಗಳು ಮುಗಿಯುವವರೆಗೆ ತಿಂದವರಲ್ಲಿ ಯಾವ ಲಕ್ಷಣವೂ ಕಾಣದು. ಮಗುವೋ ನಾಯಿಯೋ ಬಿಲ್ಲೆ ತಿಂದು ಎರಡು ದಿನ ಚೆನ್ನಾಗಿಯೇ ಓಡಾಡಿಕೊಂಡಿದ್ದು ಮೂರನೆಯ ದಿನ ರಕ್ತ ಕಾರಬಹುದು. ಆದ್ದರಿಂದ ತಿಂದ ಅನುಮಾನ ಬಂದ ದಿನವೇ, ಪೊಟ್ಟಣದ ಸಮೇತ ವೈದ್ಯರ ಬಳಿಗೆ ಹೋಗಬೇಕು. ಇದಕ್ಕೆ ಮದ್ದು 'ಕೆ-1' ಜೀವಸತ್ವ. ಕೆಲವೊಮ್ಮೆ ವಾರಗಟ್ಟಲೆ ಕೊಡಬೇಕಾಗುತ್ತದೆ. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ ಬೇರೆಯೇ ಜಾತಿಯ ವಿಷ, ಅದಕ್ಕೆ ಈ ಮದ್ದು ನಾಟದು. ಪೊಟ್ಟಣ ತೋರಿಸಬೇಕೆನ್ನುವುದು ಇದಕ್ಕೇ. ಬಿಲ್ಲೆಗಳನ್ನು ಬಿಲದ ಒಳಗೆ ಇಟ್ಟು ಮಣ್ಣು ಮುಚ್ಚಬೇಕು. ಸತ್ತ ಇಲಿಗಳನ್ನು ಆರಿಸಿ ಹೂಳಬೇಕು. ತಿಂದ ನಾಯಿಗೂ, ರಾತ್ರಿಯಿಡೀ ಪುಕ್ಕಟೆಯಾಗಿ ಇಲಿ ಹಿಡಿದುಕೊಡುವ ಗೂಬೆಗೂ ಅದೇ ವಿಷ ತಾಗುತ್ತದೆ.